ನೀವು ನಮ್ಮ ಅಯ್ಯನವರೋ, ಆಸ್ಪತ್ರೆಯ ಅಯ್ಯನವರೋ?

ಕರಾವಳಿಯ ಕ್ರೈಸ್ತ ಸಭೆಗಳ ಹಿರಿಯರಿಗೆ, ಆಸ್ಪತ್ರೆಗಳ ಆಡಳಿತದವರಿಗೆ ಮತ್ತು ಓದುವ ಎಲ್ಲರಿಗೆ ಒಂದು ಬಹಿರಂಗ ಪತ್ರ

ಪ್ರಿಯರೇ, ನಮಸ್ಕಾರ.

ಹೋದ ತಿಂಗಳು ನಮ್ಮ ಸಭೆಯ ವಾರ್ಷಿಕ ಮೀಟಿಂಗ್ ಇತ್ತು. ಲೆಕ್ಕಪತ್ರ ಓದಿ ಆಯಿತು. ಸ್ಮಶಾನದ ಕಾಂಪೌಂಡ್ ಗೋಡೆ ಬಗ್ಗೆ ಮುಕ್ಕಾಲು ಗಂಟೆ ಜಗಳ ಆಯಿತು. ಚಹಾ ಬಂತು. ಆಗ ಹಿಂದಿನ ಬೆಂಚಿನಿಂದ ಒಬ್ಬ ಹಿರಿಯರು ಎದ್ದು ನಿಂತರು. "ಅಯ್ಯನವರೇ, ಒಂದು ಪ್ರಶ್ನೆ ಉಂಟು. ನೀವು ನಮ್ಮ ಅಯ್ಯನವರೋ, ಆಸ್ಪತ್ರೆಯ ಅಯ್ಯನವರೋ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಚಹಾದ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಮಾತ್ರ ನಗಲಿಲ್ಲ.

ಆ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ಅವರ ತಾಯಿ ಹಾಸಿಗೆ ಹಿಡಿದು ವರ್ಷವಾಯಿತು. ಎರಡು ವಾರದಿಂದ ನಾನು ಅವರ ಮನೆ ಕಡೆ ಹೋಗಿರಲಿಲ್ಲ. ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಕೊಡಲು ಅಲ್ಲಿ ಬಾಯಿ ಬರಲಿಲ್ಲ, ಅದಕ್ಕೆ ಈಗ ಬರೆಯುತ್ತಿದ್ದೇನೆ. ನನ್ನ ಸಭೆಗೆ ಮಾತ್ರ ಚೀಟಿ ಕಳಿಸಬಹುದಿತ್ತು. ಆದರೆ ಉಡುಪಿಯಿಂದ ಮಂಗಳೂರಿನವರೆಗೆ ನನ್ನ ಹಾಗೆ ಸಭೆ, ಆಸ್ಪತ್ರೆ ಎಂಬ ಎರಡು ದೋಣಿಯಲ್ಲಿ ಕಾಲಿಟ್ಟ ಬೇರೆ ಪಾದ್ರಿಗಳೂ ಇದ್ದಾರೆ. ಅವರು ಬರೆಯುವುದಿಲ್ಲ. ಅಯ್ಯನವರಾದವರು ಗೊಣಗಬಾರದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ.

ಮೊದಲು ಹೆಸರಿನ ಗೊಂದಲ ಮುಗಿಸಿಬಿಡುತ್ತೇನೆ. ಆಸ್ಪತ್ರೆಯ ಗೇಟಿಗೆ ಹೊಸ ಸೆಕ್ಯೂರಿಟಿಯವರು ಬಂದಾಗಲೆಲ್ಲ "ಯಾವ ಡಿಪಾರ್ಟ್‌ಮೆಂಟ್?" ಅಂತ ಕೇಳುತ್ತಾರೆ. "ಚಾಪ್ಲಿನ್" ಅನ್ನುತ್ತೇನೆ, ಅಂದರೆ ರೋಗಿಗಳ ಮತ್ತು ಅವರ ಮನೆಯವರ ಜೊತೆ ಕೂರುವ ಆಸ್ಪತ್ರೆಯ ಪಾದ್ರಿ. ಒಬ್ಬ ಹುಡುಗ ಬಹಳ ಗಂಭೀರವಾಗಿ ರಿಜಿಸ್ಟರಿನಲ್ಲಿ "ಚಾರ್ಲಿ" ಅಂತ ಬರೆದುಕೊಂಡಿದ್ದ. ರೋಗಿಗಳನ್ನು ನಗಿಸುವ ಕೆಲಸ ಅಂದುಕೊಂಡನೋ ಏನೋ. ಪೂರ್ತಿ ತಪ್ಪೂ ಅಲ್ಲ ಬಿಡಿ.

ಆ ಪದದ ಹಿಂದೆ ಒಂದು ಕಥೆ ಇದೆ. ನಾಲ್ಕನೇ ಶತಮಾನದಲ್ಲಿ ಮಾರ್ಟಿನ್ ಎಂಬ ರೋಮನ್ ಸೈನಿಕ ಇದ್ದ. ಈಗ ಫ್ರಾನ್ಸಿನಲ್ಲಿರುವ ಅಮಿಯಾಂ ಊರಿನ ಬಾಗಿಲಲ್ಲಿ ಚಳಿಗೆ ನಡುಗುತ್ತಿದ್ದ ಭಿಕ್ಷುಕನನ್ನು ಕಂಡು, ತನ್ನ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟನಂತೆ. ಮುಂದೆ ಆ ಮೇಲಂಗಿಯನ್ನು ಜನ ಪವಿತ್ರ ವಸ್ತು ಅಂತ ಕಾಪಾಡಿಕೊಂಡು ಬಂದರು. ಲ್ಯಾಟಿನ್‌ನಲ್ಲಿ ಅದಕ್ಕೆ 'ಕಪ್ಪೆಲ್ಲಾ' ಎಂಬ ಹೆಸರು. ಅದನ್ನು ನೋಡಿಕೊಳ್ಳುತ್ತಿದ್ದ ಪಾದ್ರಿಗಳಿಂದಲೇ ಚಾಪ್ಲಿನ್ ಪದ ಬಂತು. ಸಣ್ಣ ಪ್ರಾರ್ಥನಾಲಯಕ್ಕೆ ಹೇಳುವ ಚಾಪೆಲ್ ಪದ ಕೂಡ ಅಲ್ಲಿಂದಲೇ. ಕಥೆ ಹೇಳುವವರೆಲ್ಲ ಮಾರ್ಟಿನನ ಔದಾರ್ಯ ಹೊಗಳುತ್ತಾರೆ. ನಾನು ನೋಡುವುದು ಇನ್ನೊಂದನ್ನು. ಅವನು ಇಡೀ ಅಂಗಿ ಕೊಡಲಿಲ್ಲ. ಅರ್ಧ ಇಟ್ಟುಕೊಂಡ. ಚಳಿ ಅವನಿಗೂ ಇತ್ತು, ಅಲ್ವಾ?

ನಾನು ಈ ಕೆಲಸಕ್ಕೆ ಬಂದದ್ದು ಆಸೆಪಟ್ಟು ಅಲ್ಲ. 2010ರ ಮೇ 22, ಶನಿವಾರ. ಬಲ್ಮಠದ ಥಿಯಾಲಾಜಿಕಲ್ ಕಾಲೇಜಿನಲ್ಲಿ ಓದು ಮುಗಿಸಿ ಆಗಷ್ಟೇ ಒಂದು ಸಭೆಗೆ ಸಹಾಯಕನಾಗಿ ಸೇರಿದ್ದೆ. ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯಲ್ಲಿ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿತ್ತು. 166 ಜನರಲ್ಲಿ ಉಳಿದವರು 8 ಮಂದಿ. ಬಲ್ಮಠದಿಂದ ಇಳಿಜಾರು ಇಳಿದರೆ ವೆನ್ಲಾಕ್ ಆಸ್ಪತ್ರೆ. ಯಾರೋ "ಶವಾಗಾರದ ಹತ್ತಿರ ಜನ ಬೇಕು" ಅಂದರು. ಹೋದೆ.

ಅಲ್ಲಿ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಗುರುತು ಸಿಗದ ದೇಹಗಳಿದ್ದವು. ಉಂಗುರ, ಬೆಲ್ಟಿನ ಬಕಲ್, ಹಲ್ಲು ನೋಡಿ ಜನ ತಮ್ಮವರನ್ನು ಹುಡುಕುತ್ತಿದ್ದರು. ಕೆಲವರ ಗುರುತಿಗೆ ಆಮೇಲೆ ಡಿಎನ್‌ಎ ಪರೀಕ್ಷೆಯೇ ಬೇಕಾಯಿತು. ಒಬ್ಬ ಮುದುಕರು ನನ್ನ ತೋಳು ಹಿಡಿದುಕೊಂಡು ಬ್ಯಾರಿ ಭಾಷೆಯಲ್ಲಿ ಏನೋ ಹೇಳುತ್ತಲೇ ಇದ್ದರು. ನನಗೆ ಬ್ಯಾರಿ ಬರುವುದಿಲ್ಲ. ಪಕ್ಕದಲ್ಲಿ ಒಬ್ಬರು ತುಳುವಿನಲ್ಲಿ ಅಳುತ್ತಿದ್ದರು, ಇನ್ನೊಬ್ಬರು ಮಲಯಾಳದಲ್ಲಿ, ಕೊಂಕಣಿಯಲ್ಲಿ. ನಾನು ಪ್ರಾರ್ಥನೆ ಮಾಡಲಿಲ್ಲ. ನೀರಿನ ಬಾಟಲಿ ಹಂಚಿದೆ. ಮೊಬೈಲ್ ಚಾರ್ಜ್ ಮಾಡಿಸಿಕೊಟ್ಟೆ. ಆ ಮುದುಕರ ಜೊತೆ ಸಂಜೆವರೆಗೆ ಕೂತೆ.

ಮರುದಿನ ಭಾನುವಾರ. ಅದು ಪಂಚಾಶತ್ತಮ ದಿನದ ಹಬ್ಬ, ಅಂದರೆ ಪೆಂಟೆಕೋಸ್ಟ್. ಯೇಸುವಿನ ಶಿಷ್ಯರ ಮಾತನ್ನು ಎಲ್ಲ ದೇಶದವರು ತಮ್ಮ ತಮ್ಮ ಭಾಷೆಯಲ್ಲಿ ಕೇಳಿದರು ಎಂಬ ಭಾಗವನ್ನು ನಾನು ಓದಬೇಕಿತ್ತು. ಓದುವಾಗ ನನ್ನ ಅಂಗಿಗೆ ಇನ್ನೂ ಆ ವಾಸನೆ ಇತ್ತು. ನನಗಿದ್ದದ್ದು ಒಂದೇ ಬಿಳಿ ಅಂಗಿ. ಎರಡು ಬಾರಿ ತೊಳೆದರೂ ಹೋಗಿರಲಿಲ್ಲ, ಅಥವಾ ನನಗೆ ಹಾಗನಿಸಿತ್ತು. ಶವಾಗಾರದ ಬಾಗಿಲು ಮತ್ತು ಪ್ರಸಂಗಪೀಠ, ಇವೆರಡೂ ಬೇರೆ ಬೇರೆ ಕೆಲಸ ಅಂತ ಅವತ್ತಿನಿಂದ ನನಗೆ ಅನಿಸಿಲ್ಲ.

ಈಗ ವಾರಕ್ಕೆ ಎರಡು ದಿನ ಮಂಗಳೂರಿನ ಒಂದು ಆಸ್ಪತ್ರೆಗೆ ಹೋಗುತ್ತೇನೆ. ರಾತ್ರಿ ಕರೆ ಬಂದರೆ ಅದು ಬೇರೆ. ಪೆಟ್ರೋಲ್ ಖರ್ಚು ಸಿಗುತ್ತದೆ. ನಮ್ಮ ಊರಿನ ಆಸ್ಪತ್ರೆಗಳಿಗೆ ಯಾರೆಲ್ಲ ಬರುತ್ತಾರೆ ನಿಮಗೆ ಗೊತ್ತು. ಕಾಸರಗೋಡು, ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಕಾರವಾರದ ಕಡೆಯವರು. 2020ರಲ್ಲಿ ಕೊರೊನಾಕ್ಕೆ ತಲಪಾಡಿ ಗಡಿ ಮುಚ್ಚಿದಾಗ ಆ ಕಡೆಯ ರೋಗಿಗಳ ಮನೆಯವರು ನನಗೆ ಫೋನ್ ಮಾಡುತ್ತಿದ್ದರು. ನಾನು ಗಡಿ ತೆರೆಸುವವನಲ್ಲ ಅಂತ ಅವರಿಗೂ ಗೊತ್ತಿತ್ತು. ಸುಮ್ನೆ ಮಾತಾಡಲು ಒಂದು ನಂಬರ್ ಬೇಕಿತ್ತು.

ಒಂದು ರಾತ್ರಿಯ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ಊರು ಬದಲಾಯಿಸಿದ್ದೇನೆ. ಐಸಿಯು ಹೊರಗಿನ ಕಾರಿಡಾರ್, ರಾತ್ರಿ ಎರಡು ಗಂಟೆ. ಘಟ್ಟದ ಮೇಲಿನ ಒಬ್ಬ ರೈತರು, ಅರವತ್ತೈದರ ಮೇಲೆ ವಯಸ್ಸು. ಒಳಗೆ ಹೆಂಡತಿಗೆ ವೆಂಟಿಲೇಟರ್ ಹಾಕಿದ್ದಾರೆ. ಇವರ ಪಕ್ಕದಲ್ಲಿ ಒಂದು ಸ್ಟೀಲ್ ತೂಗುಪಾತ್ರೆ, ಒಂದು ಹಾಸಿದ ಪಂಚೆ, ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹೆಂಡತಿಯ ಬಳೆಗಳು. ಬಳೆ ತೆಗೆದು ಕೊಟ್ಟ ಸಿಸ್ಟರ್ ಕವರಿನ ಮೇಲೆ ಪೆನ್ನಿನಲ್ಲಿ ಬೆಡ್ ನಂಬರ್ ಬರೆದಿದ್ದಳು. ಅವರು ಅದನ್ನೇ ನೋಡುತ್ತಿದ್ದರು.

"ನೀವು ಯಾರ ಕಡೆಯವರು?" ಅಂತ ಕೇಳಿದರು.

"ಯಾರ ಕಡೆಯವನೂ ಅಲ್ಲ. ಹೀಗೇ ಬಂದೆ."

"ಹಂಗಾದ್ರೆ ಕೂತ್ಕಳಿ."

ಕೂತೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ ಅಂಗಿ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದರು. "ಇದನ್ನ ಓದಿ ಹೇಳ್ತೀರಾ? ಹುಡುಗ್ರು ಹೇಳಿದ್ರು, ನಂಗೆ ತಲೆಗೆ ಹೋಗ್ಲಿಲ್ಲ." ಅದು ಅವತ್ತಿನವರೆಗಿನ ಬಿಲ್. ಇಂಗ್ಲಿಷ್‌ನಲ್ಲಿತ್ತು. ಸಾಲು ಸಾಲಾಗಿ ಓದಿ ಕನ್ನಡದಲ್ಲಿ ಹೇಳಿದೆ. ಬಿಪಿಎಲ್ ಕಾರ್ಡ್ ಇತ್ತು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಆಗುತ್ತದೆ ಎಂಬುದು ಅವರಿಗೆ ಅರ್ಧಂಬರ್ಧ ಗೊತ್ತಿತ್ತು. ಕಾರ್ಡ್ ಊರಲ್ಲಿ, ಪೆಟ್ಟಿಗೆಯೊಳಗೆ. ಬೆಳಿಗ್ಗೆ ಯಾರಿಗೆ ಫೋನ್ ಮಾಡಬೇಕು, ಯಾವ ಕೌಂಟರಿಗೆ ಹೋಗಬೇಕು ಅಂತ ಬಿಲ್ಲಿನ ಹಿಂದೆ ಬರೆದುಕೊಟ್ಟೆ.

ಆ ರಾತ್ರಿ ಬೈಬಲ್ ತೆರೆಯಲಿಲ್ಲ. ಬಿಲ್ ಓದಿದೆ. ಮನೆಗೆ ಬಂದಾಗ ಹೆಜಮಾಡಿ ದಾಟಿ ಬೆಳಕು ಹರಿದಿತ್ತು.

ಸಭೆಯ ವರದಿಯಲ್ಲಿ ಇದನ್ನು ಎಲ್ಲಿ ಬರೆಯಲಿ? ನಮ್ಮ ಫಾರಂನಲ್ಲಿ ದೀಕ್ಷಾಸ್ನಾನ, ಮದುವೆ, ಸಮಾಧಿ, ಮನೆಭೇಟಿ, ಕಾಣಿಕೆ, ಇಷ್ಟಕ್ಕೆ ಕಾಲಂ ಇದೆ. "ಆಸ್ಪತ್ರೆಯಿಂದ ಎಷ್ಟು ಜನ ಸಭೆಗೆ ಬಂದರು?" ಅಂತ ಒಬ್ಬರು ಕೇಳಿದ್ದೂ ಉಂಟು. ಯಾರೂ ಬಂದಿಲ್ಲ. ಬರಲಿ ಅಂತ ನಾನು ಹೋಗುವುದೂ ಇಲ್ಲ. ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ಜಿಲ್ಲೆಗಳಲ್ಲಿ ಪಾದ್ರಿಯೊಬ್ಬ ಹಾಸಿಗೆ ಪಕ್ಕ ಕೂತರೆ ಅನುಮಾನಪಡುವವರು ಇದ್ದಾರೆ. ಆ ಅನುಮಾನಕ್ಕೆ ನಾನು ಕೊಡುವ ಉತ್ತರ ಇಷ್ಟೇ. ನಿಲುವಂಗಿ ಹಾಕಿಕೊಂಡು ವಾರ್ಡಿಗೆ ಹೋಗುವುದಿಲ್ಲ. ಕೇಳದೆ ಪ್ರಾರ್ಥಿಸುವುದಿಲ್ಲ. ಪ್ರಜ್ಞೆ ಇಲ್ಲದವರ ತಲೆ ಮೇಲೆ ಕೈ ಇಡುವುದಿಲ್ಲ. ನನ್ನ ಫೋನಿನಲ್ಲಿ ಒಬ್ಬ ಭಟ್ಟರ ನಂಬರ್ ಇದೆ, ಒಬ್ಬ ಮೌಲ್ವಿಯವರ ನಂಬರ್ ಇದೆ, ಇಗರ್ಜಿಯ ಫಾದರ್ ನಂಬರ್ ಇದೆ. ಅಳುವವನ ದೌರ್ಬಲ್ಯದಲ್ಲಿ ಧರ್ಮ ಮಾರುವುದು ಕಳ್ಳತನ ಅಂತಲೇ ನನ್ನ ಅಭಿಪ್ರಾಯ.

ಒಮ್ಮೆ ಉಡುಪಿಯ ಒಬ್ಬ ಅಜ್ಜಿ, ಆಪರೇಷನ್‌ಗೆ ಮುಂಚೆ, ಕೃಷ್ಣ ಮಠದ ಗಂಧಪ್ರಸಾದ ಬೇಕು ಅಂದರು. ಮಗ ದೂರದಲ್ಲಿದ್ದ. ಉಡುಪಿಯಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬ ವಾರ್ಡ್‌ಬಾಯ್‌ಗೆ ಹೇಳಿ ತರಿಸಿಕೊಟ್ಟೆ. ಭಾನುವಾರದ ಹೊತ್ತಿಗೆ ಸುದ್ದಿ ನನಗಿಂತ ಮೊದಲೇ ಸಭೆಗೆ ತಲುಪಿತ್ತು. "ನಮ್ಮ ಅಯ್ಯನವರು ಈಗ ಪ್ರಸಾದ ಹಂಚುತ್ತಾರಂತೆ ಮಾರಾಯ್ರೆ!" ಆ ಮಾತನ್ನು ಯಾರು ಹೇಳಿದರೆಂದು ನನಗೆ ಗೊತ್ತು. ಹೋಗಲಿ ಬಿಡಿ, ಅವರ ಮೊಮ್ಮಗಳ ಹೆರಿಗೆಗೆ ನಾನೇ ಆಸ್ಪತ್ರೆಗೆ ಓಡಿದ್ದೆ.

ಇನ್ನು ಮನೆಯ ಮಾತು. ಇದನ್ನು ಬರೆಯಲೋ ಬೇಡವೋ ಅಂತ ಹೆಂಡತಿಯನ್ನೇ ಕೇಳಿದೆ. "ಬರೆಯಿರಿ, ಆದರೆ ನನ್ನನ್ನು ಪಾಪದವಳ ಹಾಗೆ ಮಾಡಬೇಡಿ" ಅಂದಳು. ಹಾಗಾಗಿ ನಡೆದಷ್ಟೇ ಹೇಳುತ್ತೇನೆ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಅವಳಿಗೆ ಡೆಂಗಿ ಬಂತು. ಪ್ಲೇಟ್‌ಲೆಟ್ ಇಳಿದು ಅಡ್ಮಿಟ್ ಮಾಡಬೇಕಾಯಿತು. ನಾನು ಹೋಗುವ ಆಸ್ಪತ್ರೆಯಲ್ಲೇ. ಎರಡನೇ ದಿನ ನಾನು ಬೇರೆ ಬ್ಲಾಕಿನಲ್ಲಿ ಒಂದು ಕುಟುಂಬದ ಜೊತೆ ಇದ್ದೆ. ಮಗು ತೀರಿಕೊಂಡಿತ್ತು, ಎದ್ದು ಬರುವ ಹಾಗಿರಲಿಲ್ಲ. ಸಂಜೆ ಇವಳ ಹತ್ತಿರ ಹೋದಾಗ ಪಕ್ಕದ ಮನೆಯ ಬ್ಯಾರಿ ಅಕ್ಕ ಗಂಜಿ ಕುಡಿಸುತ್ತಿದ್ದರು. ನಾನು ಸ್ಟೂಲ್ ಎಳೆದು ಕೂತು, ಮೆಲ್ಲಗೆ, "ಹೇಗಿದ್ದೀ, ಇವತ್ತು ಹೇಗನಿಸುತ್ತಿದೆ?" ಅಂತ ಕೇಳಿದೆ.

ಅವಳು ಕಣ್ಣು ಮುಚ್ಚಿಕೊಂಡಳು. "ಈ ವಾರ್ಡ್ ದನಿ ನನಗೆ ಬೇಡ. ಮನೆಯ ದನಿಯಲ್ಲಿ ಮಾತಾಡಿ."

ನನ್ನ ಬಳಿ ಎರಡು ದನಿ ಇದೆ ಅಂತ ನನಗೆ ಗೊತ್ತಾದದ್ದು ಅವತ್ತು. ಮನೆಯದು ಎಲ್ಲಿ ಹೋಯಿತು ಅಂತ ಹುಡುಕಬೇಕಾಯಿತು.

ಮಗನಿಗೆ ಹನ್ನೊಂದು ವರ್ಷ. ಅವನಿಗೆ ಸೈಕಲ್ ಕಲಿಸಿದ್ದು ಸಭೆಯ ಗಂಟೆ ಹೊಡೆಯುವ ಮಾಮ. ನಾನು ನೋಡಿದ್ದು ಅವನು ಕಲಿತಾದ ಮೇಲೆ, ಒಂದು ದಿನ ಗೇಟಿನೊಳಗೆ ಬರುವಾಗ. "ಯಾವಾಗ ಕಲಿತಿ?" ಅಂತ ಕೇಳಿದರೆ "ಆಗ್ಲೇ, ಈಸ್ಟರ್ ರಜೆಯಲ್ಲಿ" ಅಂದ. ದೂರಿನ ಹಾಗೆ ಹೇಳಲಿಲ್ಲ. ಅದೇ ಜಾಸ್ತಿ ಚುಚ್ಚಿತು. ಮಾರ್ಟಿನನ ಹಾಗೆ ನಾನೂ ಅಂಗಿ ಸೀಳಿದ್ದೆ. ಅರ್ಧ ಆಸ್ಪತ್ರೆಗೆ, ಅರ್ಧ ಸಭೆಗೆ. ಮನೆಗೆ ಉಳಿದದ್ದು ಗುಂಡಿ ಮಾತ್ರ.

ಕಥೋಲಿಕ ಫಾದರ್‌ಗಳಿಗೆ ಈ ತಾಪತ್ರಯ ಇಲ್ಲ, ಅವರಿಗೆ ಬೇರೆ ತಾಪತ್ರಯ ಇರಬಹುದು. ನಮ್ಮ ಸಭೆಗಳು ಮಾತ್ರ ಅಯ್ಯನವರಿಗೆ ಹೆಂಡತಿ ಮಕ್ಕಳು ಇರಲಿ ಅಂತ ಬಯಸುತ್ತವೆ, ಆಮೇಲೆ ಅವರು ಇಲ್ಲದ ಹಾಗೆ ಕೆಲಸ ಮಾಡಲಿ ಅಂತಲೂ ಬಯಸುತ್ತವೆ. ಇದು ಇವತ್ತಿನದಲ್ಲ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಹೆಬಿಕ್, ಮೋಗ್ಲಿಂಗ್, ಗುಂಡರ್ಟ್ ಅಂತ ನಾವು ಹೆಸರು ಹೇಳಿ ಹೆಮ್ಮೆಪಡುತ್ತೇವೆ. ಹೆಬಿಕ್ ಮದುವೆಯೇ ಆಗಲಿಲ್ಲ. ಮದುವೆಯಾದ ಮಿಷನರಿಗಳು ತಮ್ಮ ಮಕ್ಕಳನ್ನು ಚಿಕ್ಕ ವಯಸ್ಸಿನಲ್ಲೇ ಯುರೋಪಿಗೆ ಕಳಿಸಬೇಕಿತ್ತು. ಅದಕ್ಕೆಂದೇ ಬಾಸೆಲ್‌ನಲ್ಲಿ ಒಂದು ಮಕ್ಕಳ ಮನೆ ಇತ್ತು. ಗುಂಡರ್ಟರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಎಳೆಯ ಮಗುವಾಗಿದ್ದಾಗಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ತಂದೆ ತಾಯಿ ಹಡಗು ಹತ್ತಿದರು. ಮುಂದೆ ಅವಳ ಮಗ ಹರ್ಮನ್ ಹೆಸ್ಸೆ ದೊಡ್ಡ ಸಾಹಿತಿಯಾದ, ನೊಬೆಲ್ ಬಂತು. ಅದರಿಂದ ನಮಗೆ ಅವಳ ಹೆಸರಾದರೂ ಗೊತ್ತು. ಉಳಿದ ಮಕ್ಕಳ ಹೆಸರು ನಮ್ಮ ಜುಬಿಲಿ ಪುಸ್ತಕಗಳಲ್ಲಿ ಕಾಣುವುದು ಕಡಿಮೆ. ಆ ಮಿಷನರಿಗಳನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಆ ಕಾಲದ ಕಷ್ಟ ಬೇರೆ. ಆದರೆ ಹಡಗಿನ ಕಾಲದ ಲೆಕ್ಕವನ್ನು ಸ್ಕೂಟರ್ ಕಾಲದಲ್ಲೂ ಹಿಡಿಯುವುದು ಸರಿಯಲ್ಲ.

ಕೆಲಸ ಹಂಚಬೇಕು ಎಂಬುದಕ್ಕೆ ನಾವೆಲ್ಲ ಬೈಬಲಿನ ವಿಮೋಚನಕಾಂಡದ 18ನೇ ಅಧ್ಯಾಯ ತೆಗೆಯುತ್ತೇವೆ. ಮೋಶೆ ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬನೇ ನ್ಯಾಯ ತೀರಿಸುತ್ತಾ ಕೂತದ್ದನ್ನು ಮಾವ ಇತ್ರೋ ನೋಡಿ, ನೀನೂ ಸೊರಗುತ್ತೀ, ಜನರೂ ಸೊರಗುತ್ತಾರೆ, ಬೇರೆಯವರನ್ನು ನೇಮಿಸು ಅಂತ ಬುದ್ಧಿ ಹೇಳಿದ. ಎಷ್ಟೋ ಕಮಿಟಿ ಮೀಟಿಂಗಿನಲ್ಲಿ ಇದನ್ನು ಕೇಳಿದ್ದೇನೆ. ಅಧ್ಯಾಯದ ಮೊದಲ ಆರು ವಚನಗಳನ್ನು ಮಾತ್ರ ಯಾರೂ ಓದುವುದಿಲ್ಲ. ಇತ್ರೋ ಬರಿಗೈಯಲ್ಲಿ ಬಂದಿರಲಿಲ್ಲ. ಮೋಶೆ ತವರಿಗೆ ಕಳಿಸಿಬಿಟ್ಟಿದ್ದ ಹೆಂಡತಿ ಚಿಪ್ಪೋರಳನ್ನೂ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಬಂದಿದ್ದ. ಮೊದಲು ಮನೆಯವರನ್ನು ಒಪ್ಪಿಸಿ, ಮರುದಿನ ಆಡಳಿತದ ಮಾತು ಆಡಿದ. ಆ ಕ್ರಮ ನನಗೆ ಬಹಳ ಹಿಡಿಸಿತು.

ಸರಿ, ಏನು ಮಾಡಬೇಕು ಅಂತ ಕೇಳಿದರೆ, ನನಗೆ ಹೊಳೆದದ್ದು ಹೇಳುತ್ತೇನೆ. ಆಸ್ಪತ್ರೆ ಸೇವೆ ಅಯ್ಯನವರ ಹವ್ಯಾಸ ಅಲ್ಲ, ಸಭೆಯ ಕೆಲಸ ಅಂತ ಮೊದಲು ಮಂಡಳಿಯ ನಡಾವಳಿ ಪುಸ್ತಕದಲ್ಲಿ ಬರೆಯಿರಿ. 1923ರಲ್ಲಿ ಉಡುಪಿಯಲ್ಲಿ ಆಸ್ಪತ್ರೆ ಶುರುಮಾಡಿದವರು ಮಿಷನರಿ ಡಾಕ್ಟರ್ ಇವಾ ಲೊಂಬಾರ್ಡ್. ರೋಗಿಯ ಹತ್ತಿರ ಹೋಗುವುದು ನಮ್ಮ ಸಭೆಗಳ ಹುಟ್ಟುಗುಣ, ಹೊಸ ಹುಚ್ಚಲ್ಲ. ಹಾಗೆ ಬರೆದ ಮೇಲೆ ಅದಕ್ಕೆ ದಿನ ಕೊಡಿ. ವರದಿಯಲ್ಲಿ ಹೊಸ ಕಾಲಂ ಬೇಡ, ದಯವಿಟ್ಟು. ಎಷ್ಟು ಹಾಸಿಗೆ, ಎಷ್ಟು ನಿಮಿಷ ಅಂತ ಎಣಿಸಲು ಶುರುಮಾಡಿದರೆ ಆ ರೈತರ ಪಕ್ಕ ಕೂರುವವರು ಇರುವುದಿಲ್ಲ.

ಅಕ್ಕಪಕ್ಕದ ಮೂರ್ನಾಲ್ಕು ಸಭೆಗಳು ಸೇರಿದರೆ ಒಬ್ಬ ಪೂರ್ಣಾವಧಿ ಚಾಪ್ಲಿನ್‌ಗೆ ಸಂಬಳ ಕೊಡಬಹುದು. ಪ್ರತಿ ಸಭೆಯ ಜುಬಿಲಿ ಕಮಾನಿಗೆ ಖರ್ಚಾಗುವ ಹಣ ನೋಡಿದರೆ ಇದು ದೊಡ್ಡ ಮಾತಲ್ಲ. ಅದು ಆಗುವವರೆಗೆ ಪ್ರತಿ ಸಭೆಯಿಂದ ಇಬ್ಬರನ್ನು ಕೊಡಿ. ಅಯ್ಯನವರೇ ಆಗಬೇಕೆಂದಿಲ್ಲ. ರಿಟೈರ್ ಆದ ಟೀಚರ್, ನರ್ಸ್, ಬ್ಯಾಂಕಿನವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಆದರೆ ಕಲಿಸಿ ಕಳಿಸಿ. ಒಳ್ಳೆಯ ಮನಸ್ಸು ಒಂದೇ ಸಾಲದು. ಅಮೆರಿಕದಲ್ಲಿ ಆಂಟನ್ ಬೊಯ್ಸನ್ ಎಂಬ ಪಾದ್ರಿ, ಸ್ವತಃ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಯಾಗಿ ಇದ್ದು ಬಂದವರು, 1925ರಲ್ಲಿ ಥಿಯಾಲಜಿ ವಿದ್ಯಾರ್ಥಿಗಳನ್ನು ಆಸ್ಪತ್ರೆಗೆ ಕರೆದೊಯ್ದು ರೋಗಿಗಳಿಂದಲೇ ಪಾಠ ಕಲಿಸಿದರು. ಆ ಪದ್ಧತಿಯ ತರಬೇತಿ ನಮ್ಮ ಹತ್ತಿರದ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲೂ ಇದೆ. ತರಬೇತಿ ಇಲ್ಲದವರು ಏನು ಮಾಡುತ್ತಾರೆ ಗೊತ್ತಾ? ಮಾತಾಡುತ್ತಾರೆ. "ದೇವರ ಚಿತ್ತ" ಅನ್ನುತ್ತಾರೆ. ಬೈಬಲಿನಲ್ಲಿ, ಎಲ್ಲವನ್ನೂ ಕಳಕೊಂಡ ಯೋಬನನ್ನು ಸಂತೈಸಲು ಬಂದ ಗೆಳೆಯರು ಏಳು ಹಗಲು ಏಳು ರಾತ್ರಿ ಬಾಯಿ ಮುಚ್ಚಿ ಕೂತಷ್ಟು ದಿನ ಚೆನ್ನಾಗಿಯೇ ಇದ್ದರು. ಬಾಯಿ ಬಿಟ್ಟ ಮೇಲೆ ಕೆಟ್ಟಿತು.

ಆಸ್ಪತ್ರೆಯ ಆಡಳಿತದವರಲ್ಲಿ ಕೇಳುವುದು ಸ್ವಲ್ಪವೇ. ಅಡ್ಮಿಷನ್ ಫಾರಂನಲ್ಲಿ ಒಂದು ಸಾಲು ಸೇರಿಸಿ, "ಮಾತಾಡಲು ಯಾರನ್ನಾದರೂ ಕರೆಸಬೇಕೇ?" ಅಂತ. ಯಾವ ಧರ್ಮದವರಾದರೂ ಸರಿ. ಕೆಟ್ಟ ಸುದ್ದಿ ಹೇಳಲು ಒಂದು ಬಾಗಿಲಿರುವ ಕೋಣೆ ಕೊಡಿ, ಲಿಫ್ಟ್ ಪಕ್ಕ ನಿಲ್ಲಿಸಿ ಹೇಳಬೇಡಿ. ಕೇರಳದಿಂದ ಬಂದು ಇಲ್ಲಿ ನರ್ಸಿಂಗ್ ಮಾಡುವ ಇಪ್ಪತ್ತು ವರ್ಷದ ಹುಡುಗಿಯರನ್ನೂ ನೆನಪಿಡಿ. ಮೊದಲ ಸಾವು ನೋಡಿದ ರಾತ್ರಿ ಅವರು ಎಲ್ಲಿ ಹೋಗಿ ಅಳುತ್ತಾರೆ ಅಂತ ನನಗೆ ಗೊತ್ತು. ಲಿನನ್ ರೂಮಿನಲ್ಲಿ.

ನಮ್ಮ ಸಭೆಯವರಿಗೆ ಇನ್ನೊಂದು ಮಾತು. ಸೋಮವಾರ ನನ್ನ ರಜೆ ಅಂತ ನೀವೇ ಕೊಟ್ಟದ್ದು. ಅದನ್ನು ನಾನೇ ಮುರಿದದ್ದು ಜಾಸ್ತಿ, ಒಪ್ಪುತ್ತೇನೆ. ಬೇಡ ಅನ್ನಲು ಬಾರದು ನನಗೆ. ಎಲ್ಲರಿಗೂ ಬೇಕಾದವನಾಗಿರುವ ರುಚಿ ಒಮ್ಮೆ ಹತ್ತಿದರೆ ಬಿಡುವುದು ಕಷ್ಟ, ಅದನ್ನು ತ್ಯಾಗ ಅಂತ ಕರೆದುಕೊಳ್ಳುವುದು ಸುಲಭ. ಇನ್ನು ಮುಂದೆ ಸೋಮವಾರ ಫೋನ್ ಕಾರ್ಯದರ್ಶಿಯವರ ಹತ್ತಿರ ಇರುತ್ತದೆ. ಸಾವಿನ ಕರೆ ಬಂದರೆ ಮಾತ್ರ ಮನೆಗೆ ಬಂದು ಬಾಗಿಲು ತಟ್ಟಲಿ.

ಹಿಂದಿನ ಬೆಂಚಿನ ಹಿರಿಯರೇ, ಈ ಗುರುವಾರ ಸಂಜೆ ನಿಮ್ಮ ತಾಯಿಯನ್ನು ನೋಡಲು ಬರುತ್ತೇನೆ. ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸದ ಪೆಟ್ಟಿಗೆ ತರುತ್ತೇನೆ. ಆ ದಿನ ಆಸ್ಪತ್ರೆ ಪಾಳಿ ಇಲ್ಲ, ಅವಸರ ಮಾಡುವುದಿಲ್ಲ. ಆಮೇಲೆ ನೀವು ಒಪ್ಪಿದರೆ ಒಂದು ಮಂಗಳವಾರ ನನ್ನ ಜೊತೆ ವಾರ್ಡಿಗೆ ಬನ್ನಿ. ಏನೂ ಮಾಡಬೇಕಾಗಿಲ್ಲ, ಕೂತರೆ ಸಾಕು. ತಾಯಿಯ ಹಾಸಿಗೆ ಪಕ್ಕ ವರ್ಷದಿಂದ ಕೂತವರು ನೀವು, ಈ ಕೆಲಸ ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಪತ್ರದ ವಿಷಯವನ್ನು ಮುಂದಿನ ಮಂಡಳಿ ಮೀಟಿಂಗಿಗೆ ಇಡಿ ಅಂತ ಕಾರ್ಯದರ್ಶಿಯವರಲ್ಲಿ ಕೇಳಿದ್ದೇನೆ. ಚರ್ಚೆ ಆಗುವಾಗ ನಾನು ಹೊರಗೆ ಕೂತಿರುತ್ತೇನೆ, ನೀವು ಬಿಚ್ಚುಮನಸ್ಸಿನಿಂದ ಮಾತಾಡಬಹುದು. ಮೀಟಿಂಗ್ ಮಾತ್ರ ಸೋಮವಾರ ಇಡಬೇಡಿ. ಆ ದಿನ ಕಾಪು ಬೀಚಿಗೆ ಸೈಕಲ್‌ನಲ್ಲಿ ಹೋಗುವುದು ಅಂತ ಮಗನ ಜೊತೆ ಮಾತಾಗಿದೆ. ನನಗೆ ಒಂದು ಹಳೆ ಸೈಕಲ್ ಅವನೇ ಹುಡುಕಿಟ್ಟಿದ್ದಾನೆ, ಬ್ರೇಕ್ ಸ್ವಲ್ಪ ಸಡಿಲ ಇದೆಯಂತೆ.

ನಿಮ್ಮವನೇ ಆದ,
ಹೆದ್ದಾರಿ ಬದಿಯ ಒಂದು ಸಣ್ಣ ಸಭೆಯ ಅಯ್ಯ